ಮಾವನನ್ನು ಹಿಡಿದುಕೊಂಡ ಓಕ್ ಗಿಡ

ನೇಜಿ ಗುಡ್ಡ, ಮೆಕ್ಸಿಕೋ

ಪೆತ್ರಾ ಅಕ್ಕಾ,

ಗಂಡನ ಮನೆಯಲ್ಲಿ ಸುಖವಾಗಿದ್ದೇನೆ. ನಮ್ಮ ಕಡಲದಂಡೆಯಿಂದ ತಂದಿದ್ದ ಕೆಮ್ಮು ಇಲ್ಲಿನ ಒಣಗಾಳಿಗೆ ಹೋಯಿತು.

ಇವತ್ತು ಬೆಳಿಗ್ಗೆ ಮಾವ ತಪ್ಪಿಸಿಕೊಂಡ ಮೇಕೆಯ ಹಿಂದೆ ಓಡಿ ಕಣಿವೆಗೆ ಜಾರಿದರು. ಪುಣ್ಯಕ್ಕೆ ಅಂಚಿನ ಕುರುಚಲು ಓಕ್ ಗಿಡ ಅವರನ್ನು ತಡೆಯಿತು. ಕೂಗು ಕೇಳಿ ನಾನೂ ಅತ್ತೆಯೂ ಹಗ್ಗ ಹಿಡಿದು ಓಡಿದೆವು. ಮಾವ ಮುಳ್ಳೆಲೆಗಳ ನಡುವೆ ಸಿಕ್ಕಿಕೊಂಡು ನೇತಾಡುತ್ತಿದ್ದರು. ಕೆಳಗೆ ಬರೀ ಬಂಡೆ.

"ಬೇಗ ಹಗ್ಗ ಎಸಿಯೇ, ಮೈಯೆಲ್ಲ ಚುಚ್ತಾ ಇದೆ!"

"ನಿನ್ನೆ ಇದೇ ಗಿಡ ಕಡಿದು ಒಲೆಗೆ ಹಾಕ್ತೀನಿ ಅಂದೋರು ಯಾರ್ರೀ?" ಅತ್ತೆ ಹಗ್ಗ ಬಿಚ್ಚುತ್ತಲೇ ಗದರಿದರು. "ಮೊದಲು ಅದಕ್ಕೆ ತಪ್ಪಾಯ್ತು ಅನ್ನಿ."

"ತಪ್ಪಾಯ್ತು ಕಣಮ್ಮಾ ಗಿಡಮ್ಮಾ! ಇನ್ನು ಕೊಡಲಿ ಮುಟ್ಟಲ್ಲ!"

ಇಬ್ಬರೂ ಸೇರಿ ಎಳೆದು ಮೇಲೆ ತಂದೆವು. ಪರಚಿದ ಗಾಯ ಬಿಟ್ಟರೆ ಮಾವನಿಗೆ ಏನೂ ಆಗಿಲ್ಲ. ಅಷ್ಟು ಹೊತ್ತು ಗದರಿದ ಅತ್ತೆಯೇ ಅಲ್ಲಿ ಕುಸಿದು ಕೂತು ಗಳಗಳನೆ ಅತ್ತುಬಿಟ್ಟರು.

ಈಗ ಮಾವನ ಪಕ್ಕದಲ್ಲಿ ಕೂತು ಓಕ್ ಕಾಯಿಯ ಗಂಜಿ ಕುಡಿಸುತ್ತಿದ್ದಾರೆ, ಮಗುವಿಗೆ ಕುಡಿಸಿದ ಹಾಗೆ. ಕೈಗೆ ಏನೂ ಆಗದಿದ್ದರೂ ಮಾವ ಸುಮ್ಮನೆ ಬಾಯಿ ತೆರೆಯುತ್ತಿದ್ದಾರೆ. ಹೀಗಾಗಿ ಅಡುಗೆಯೆಲ್ಲ ನನ್ನದೇ. ರೊಟ್ಟಿ ಸೀಯುತ್ತಿದೆ, ಎದ್ದೆ.

ದೆಲ್ಫಿನಾ