ಹೊಳೆಯ ಮೇಲೆ ಓಡದ ನನ್ನ ಹೆಂಡತಿಯ ಕಾರು

ಪ್ರಯಾಣ ಭತ್ಯೆ ಮಂಜೂರು ಮಾಡುವ ಮಾನ್ಯ ಅಧಿಕಾರಿಗಳೇ,

ಕಾರು ನೀರಿನ ಮೇಲೆ ಓಡುವುದಿಲ್ಲ. ಇಷ್ಟನ್ನು ತಮಗೆ ಪತ್ರಿಕೆಯ ಮೂಲಕ ತಿಳಿಸಬೇಕಾಗಿ ಬಂದಿರುವುದಕ್ಕೆ, ಇಪ್ಪತ್ತೆರಡು ವರ್ಷ ಸರ್ಕಾರಿ ಕೆಲಸ ಮಾಡಿದ ನನಗೇ ನಾಚಿಕೆಯಾಗುತ್ತಿದೆ.

ನಾನು ಕುಡಿಯುವ ನೀರಿನ ಪರೀಕ್ಷಕ. ಇಲಾಖೆಯ ಜೀಪು ಕೆಟ್ಟು ನಿಂತ ಮೇಲೆ, ತಮ್ಮದೇ ಆದೇಶದಂತೆ, ಹೆಂಡತಿಯ ಕಾರಿನಲ್ಲಿ ಪ್ರತಿ ವಾರ ಹೊಳೆಯಾಚೆಯ ಶಾಲೆಗೆ ಹೋಗಿ ಅಲ್ಲಿನ ಬಾವಿಯ ನೀರು ತರುತ್ತಿದ್ದೆ. ಆ ಕಡೆಗೆ ಬಸ್ಸಿಲ್ಲ. ಸೇತುವೆ ಸುತ್ತಿ ಹೋದರೆ ಮೂವತ್ತೆಂಟು ಕಿಲೋಮೀಟರ್. ತಮ್ಮ ಕಚೇರಿ ಒಪ್ಪಿದ್ದು ನಾಲ್ಕು! ಯಾಕೆಂದು ಕೇಳಲು ಹೋದೆ. ದೂರ ಅಳೆಯುವ ಗುಮಾಸ್ತರು ಗೋಡೆಯ ನಕ್ಷೆಯ ಮೇಲೆ ದಾರ ಹಿಡಿದು, ಕಚೇರಿಯಿಂದ ಶಾಲೆಗೆ ನೇರವಾಗಿ ಎಳೆದು ತೋರಿಸಿದರು.

"ಮಧ್ಯ ಹೊಳೆ ಇದೆಯಲ್ಲಾ ಸ್ವಾಮಿ?"

"ಎಲ್ಲಿದೆ, ತೋರ್ಸಿ."

ಹೊಳೆ ಇರಬೇಕಾದ ಜಾಗದಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ಎತ್ತಲು ಹೋದರೆ ಕೈ ಹಿಡಿದುಕೊಂಡರು. "ಮುಟ್ಬೇಡಿ ಸಾರ್, ಅದು ರಜಾ ವಿಭಾಗದ್ದು. ನಮ್ಗೂ ಅವ್ರಿಗೂ ಮಾತಿಲ್ಲ."

ಎರಡು ವಿಭಾಗಗಳ ಮುನಿಸಿನಲ್ಲಿ ಒಂದು ಹೊಳೆ ಮುಚ್ಚಿಹೋದದ್ದನ್ನೂ ಸಹಿಸಿಕೊಂಡು, ನಡುವೆ ಹೊಳೆಯಿದೆ, ಆಳವೂ ಇದೆ ಎಂದು ಅರ್ಜಿ ಬರೆದುಕೊಟ್ಟೆ. ಹದಿನೈದು ದಿನಕ್ಕೆ ತಮ್ಮ ಸಹಿಯ ನೋಟಿಸು ಬಂತು: ಹೊಳೆಯಿರುವುದು ನಿಜವೇ ಆಗಿದ್ದಲ್ಲಿ ಸದರಿ ನೌಕರರು ದೋಣಿಯಲ್ಲಿ ಪ್ರಯಾಣಿಸಿ ಕಾರಿನ ಭತ್ಯೆ ಕೇಳಿರುವಂತೆ ಕಂಡುಬರುತ್ತದೆ, ಮೂರು ದಿನದೊಳಗೆ ವಿವರಣೆ ನೀಡತಕ್ಕದ್ದು. ಏನೆಂದು ವಿವರಿಸಲಿ, ಮಾನ್ಯರೇ? ನನಗೆ ಈಜು ಕೂಡ ಬರುವುದಿಲ್ಲ.

ನೋಟಿಸನ್ನು ಹೆಂಡತಿ ಎರಡು ಸಲ ಓದಿದಳು. "ಪೆಟ್ರೋಲ್ ನಂದು, ಟೈರ್ ನಂದು, ಕೊನೆಗೆ ನನ್ ಕಾರನ್ನೇ ದೋಣಿ ಅಂತಾರಲ್ರೀ! ಇನ್ಮೇಲೆ ಕೀಲಿ ಕೇಳಿ, ಗೊತ್ತಾಗುತ್ತೆ" ಎಂದು ಕೀಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅವಳಿಗೆ ಕೊಡಲು ಉತ್ತರವೇನಾದರೂ ತಮ್ಮಲ್ಲಿದೆಯೇ?

ನಗುವ ಮಾತು ಇಲ್ಲಿಗೆ ಸಾಕು. ಐದು ವಾರದಿಂದ ಆ ಬಾವಿಯ ನೀರನ್ನು ಯಾರೂ ಪರೀಕ್ಷಿಸಿಲ್ಲ. ನೂರಹತ್ತು ಮಕ್ಕಳು ಅದನ್ನೇ ಕುಡಿಯುತ್ತಿದ್ದಾರೆ. ಹೋದ ವರ್ಷ ಅದಕ್ಕೆ ಚರಂಡಿ ನೀರು ಸೇರಿದ್ದನ್ನು ಕಂಡುಹಿಡಿದವನು ನಾನೇ, ಹಾಗಾಗಿ ನನಗೆ ನಿಜಕ್ಕೂ ಭಯವಾಗುತ್ತಿದೆ. ಮೊನ್ನೆ ಶಾಲೆಯ ಹೆಡ್ ಮೇಡಂ ಹಾಲಿನ ವ್ಯಾನಿನವರ ಕೈಯಲ್ಲಿ ಒಂದು ಬಾಟಲಿ ನೀರು ಕಳಿಸಿ ಫೋನ್ ಮಾಡಿದರು. "ವಾಸ್ನೆ ಯಾಕೋ ಬೇರೆ ಥರ ಇದೆ ಸಾರ್. ಮಕ್ಕಳಿಗೆ ಕುಡಿಸ್ಲಾ, ಬೇಡ್ವಾ?" ಬೇಡ ಎಂದೆ. "ಮತ್ತೇನು ಕುಡಿಸ್ಲಿ?" ಎಂದರು. ಕಾಯಿಸಿ ಕೊಡಿ ಎನ್ನುವುದರ ಹೊರತು ನನಗೇನೂ ತೋಚಲಿಲ್ಲ.

ನಿಯಮದ ಪ್ರಕಾರ, ನಾನೇ ಹೋಗಿ ತುಂಬಿಸದ ನೀರನ್ನು ಪರೀಕ್ಷೆಗೆ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಆ ಬಾಟಲಿಯನ್ನು ತಮ್ಮ ಮೇಜಿಗೆ ಕಳಿಸಿದ್ದೇನೆ. ಸೋಮವಾರದೊಳಗೆ ಸೇತುವೆಯ ದಾರಿಯನ್ನು ದಾರಿಯೆಂದು ಒಪ್ಪಿ ಆದೇಶ ಹೊರಡಿಸಿ. ಆಗದಿದ್ದರೆ ಆ ನೀರನ್ನು ತಾವೇ ಕುಡಿಯಿರಿ. ಕುಡಿಯುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ, ವಿಚಾರಿಸಿದ್ದೇನೆ.

ಇಂತಿ,
ಮನೆಯಲ್ಲೂ ಕಚೇರಿಯಲ್ಲೂ ವಿವರಣೆ ಕೊಟ್ಟು ಸುಸ್ತಾದ
ತಮ್ಮದೇ ಸರ್ಕಾರದ ನೀರು ಪರೀಕ್ಷಕ