ದುಂಡುಮೈ ಕೋವಿ ನಮ್ಮ ಅಂಗಡಿಗೆ ಬಂದದ್ದು

ಪರ್ತ್, ೩ ಜುಲೈ ೧೯೩೬

ಪ್ರೀತಿಯ ಆರ್ಚಿ ಚಿಕ್ಕಪ್ಪನಿಗೆ,

ನಿಮ್ಮ ಕೆಮ್ಮು ಹೇಗಿದೆ? ಎಡಿನ್‌ಬರೋ ಹೊಗೆಯಲ್ಲಿ ಅದೆಲ್ಲಿ ವಾಸಿಯಾದೀತು ಎನ್ನುತ್ತಾಳೆ ಅಮ್ಮ. ಅವಳು ಗಟ್ಟಿಯಾಗಿದ್ದಾಳೆ. ಅಪ್ಪನ ಬಲಗಣ್ಣಿಗೆ ಪೊರೆ ಬಂದು ಏನೂ ಕಾಣುತ್ತಿಲ್ಲ. ಈ ಆಗಸ್ಟಿನಲ್ಲಿ ಗ್ರೌಸ್ ಹಕ್ಕಿಯ ಬೇಟೆಗೆ ಹೋಗುವುದಿಲ್ಲವಂತೆ. ಗೊಣಗುವುದನ್ನು ಮಾತ್ರ ಬಿಟ್ಟಿಲ್ಲ. ಅಣ್ಣತಮ್ಮಂದಿರು ಆಸ್ತಿಗೆ ಕಿತ್ತಾಡುವುದನ್ನು ಕೇಳಿದ್ದೇನೆ. ಕೋವಿಯ ಗುಂಡು ಸಿಡಿಸುವ ಕೀಲುಗಳು ಪಕ್ಕದಲ್ಲಿರಬೇಕೋ ತಳದಲ್ಲಿರಬೇಕೋ ಎಂದು ಮಾತು ಬಿಟ್ಟವರು ನೀವಿಬ್ಬರೇ ಇರಬೇಕು.

ಹೊಸ ಸಂಗತಿ ಕೇಳಿ. ಬೇಟೆಗಾಡು ಕಾಯುವ ಮಕ್ರೇ, ನಳಿಗೆಯ ತಗ್ಗು ತೆಗೆಸಲು ಒಂದು ಜೋಡುನಳಿಗೆ ಕೋವಿ ತಂದ. ಬಟ್ಟೆ ಬಿಚ್ಚಿದರೆ, ನೀವು ಮಾಡಿದ ದುಂಡುಮೈ ಕೋವಿ. ಅಪ್ಪ ಊಟಕ್ಕೆ ಹೋದದ್ದೇ ತಡ, ಅದನ್ನೂ ಅಪ್ಪ ಮಾಡಿದ್ದನ್ನೂ ಅಕ್ಕಪಕ್ಕ ಮಲಗಿಸಿದೆ. ಅಪ್ಪನದಕ್ಕೆ ಎರಡೂ ಪಕ್ಕ ಉಕ್ಕಿನ ತಟ್ಟೆ, ಮೇಲೆಲ್ಲ ಹೂವಿನ ಕೆತ್ತನೆ. ತಟ್ಟೆ ಬಿಚ್ಚಿದರೆ ಕೀಲುಗಳೆಲ್ಲ ಕೈಗೇ ಬರುತ್ತವೆ, ಒರೆಸಿ ಕೂರಿಸಬಹುದು. ನಿಮ್ಮದರಲ್ಲಿ ಎಲ್ಲವೂ ಬೆರಳಿಂದ ಎಳೆಯುವ ಕುದುರೆಯ ಹತ್ತಿರ, ತಳದಲ್ಲಿ ಅಡಗಿವೆ. ಹೊಳೆಯಲ್ಲಿ ಉರುಳಿದ ಕಲ್ಲಿನಷ್ಟು ನುಣುಪು. ಎತ್ತಿದರೆ ತಾನಾಗಿ ಭುಜಕ್ಕೆ ಬಂತು. ಅದೇ ಹಗುರ ಅನ್ನಿಸಿ ತೂಗಿ ನೋಡಿದೆ, ಎರಡೂ ಒಂದೇ ತೂಕ! ಭಾರವೆಲ್ಲ ಎರಡು ಕೈಗಳ ನಡುವೆ ಕೂತಿರುವುದರಿಂದಲೇ? ನೀವೇ ಹೇಳಬೇಕು.

ಅಷ್ಟರಲ್ಲಿ ಅಪ್ಪ ಬಂದರು. "ಆ ಮೀನಿನ ಹೊಟ್ಟೇನ ಯಾರು ಇಲ್ಲಿಟ್ಟಿದ್ದು?" ಅವರ ಕೋವಿಯನ್ನು ನೀವು "ಓಲೆ ಹಾಕ್ಕೊಂಡ ಮದುಮಗಳು" ಅಂದದ್ದನ್ನು ಅವರಿನ್ನೂ ಮರೆತಿಲ್ಲ. ಬೈಯುತ್ತಲೇ ತಿರುಪುಳಿ ತೆಗೆದುಕೊಂಡು ನಿಮ್ಮದನ್ನು ಬಿಚ್ಚಿದರು. ಎಡಗಣ್ಣು ಹತ್ತಿರ ತಂದು ಮರದ ಹಿಡಿಯ ಬುಡ ನೋಡಿದರು. ಪಕ್ಕದ ತಟ್ಟೆಗೆಂದು ಕೊರೆಯುವ ಕೆಲಸವಿಲ್ಲವಲ್ಲ, ಅಕ್ರೋಟು ಮರ ದಪ್ಪಗೆ, ಗಟ್ಟಿಯಾಗಿ ಉಳಿದಿತ್ತು. ಚಹಾ ಆರಿಹೋಯಿತು. "ಮರ ಉಳಿಸಿದಾನೆ ಕಳ್ಳ," ಅಂದರು. ನನಗೆ ಅಳುವೇ ಬಂತು ಚಿಕ್ಕಪ್ಪ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳಿ. ಅಮ್ಮ ಓಟ್ಸ್ ರೊಟ್ಟಿ ಕಳಿಸಿದ್ದಾಳೆ, ಪುಡಿಯಾಗದೆ ತಲುಪಿದರೆ ನಿಮ್ಮ ಪುಣ್ಯ.

ನಿಮ್ಮ ಮಗಳಂಥ,
ಐಲ್ಸಾ

ಮರೆತೆ: ಬಲಗಣ್ಣು ಹೋಯಿತಲ್ಲ, ಅಪ್ಪ ಇನ್ನು ಎಡಭುಜದಿಂದ ಹೊಡೆಯಬೇಕು. ಬಿಸಿ ಎಣ್ಣೆ ಹೊಯ್ದು ಹಿಡಿಯನ್ನು ಎಡಕ್ಕೆ ಬಾಗಿಸಬೇಕು. ಖಾಲಿ ಕೋವಿ ಎತ್ತಿ ನಿಂತವರ ಎದುರು ನಿಂತು, ನಳಿಗೆಯ ತುದಿಯಿಂದ ಅವರ ಕಣ್ಣು ನೋಡಿಯೇ ಅಳತೆ ತೆಗೆಯುವುದಲ್ಲವೇ? ತನ್ನ ಅಳತೆ ತಾನೇ ತೆಗೆಯಲು ಯಾರಿಂದಾದೀತು? ನಾನು ತೆಗೆಯುತ್ತೇನೆ ಅಂದೆ. "ನೀನು ಬೇಡ. ನನ್ನ ಅಳತೆ ಗೊತ್ತಿರೋನು ಅವನೊಬ್ಬನೇ. ಅವನನ್ನ ನಾನು ಕರೆಯಲ್ಲ," ಅಂದರು. ಕರೆಯಲ್ಲ ಅಂದರು, ಬರೋದು ಬೇಡ ಅನ್ನಲಿಲ್ಲ. ಮುಂದಿನ ಶನಿವಾರದ ರೈಲಿಗೆ ನಾನು ಸ್ಟೇಷನ್ನಿನಲ್ಲಿರುತ್ತೇನೆ.