ಗಂಗವ್ವನ ಬಂಡೆಯ ಹೊಸ ಕಥೆ

ಚಂದಾಪುರ
ಸೋಮವಾರ, 12 ಜನವರಿ 2026

ವಾಡಿಯಲ್ಲಿ ಅಣ್ಣನ ಮನೆ ಹಿಡಿದು ಕೂತಿರುವ ನಮ್ಮ ಮನೆಯವರಿಗೆ ಜಯಮಾಲಾಳ ನಮಸ್ಕಾರ.

ಫೋನು ಮಾಡಿದರೆ "ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ನಿನ್ನೆಯೂ ಪ್ರವಾಸಿಗರನ್ನು ಕರೆದುಕೊಂಡು ಕಾಡಿನ ನಡಿಗೆ ಆಯಿತು. ಸೇಡಂನಿಂದ ಮಾಸ್ತರರ ಗುಂಪು ಬಂದಿತ್ತು. ಚಂದ್ರಂಪಳ್ಳಿ ಡ್ಯಾಮಿನ ಏರಿ, ಹಳ್ಳ, ಜಲಪಾತ, ಕೊನೆಗೆ ಗಂಗವ್ವನ ಬಂಡೆ. ನೀವು ಹಾಕಿಕೊಟ್ಟ ದಾರಿಯೇ. ನೀವು ಮುಂದೆ ಮಾತಾಡುತ್ತಾ ಹೋಗುವಾಗ ನಾನು ಹಿಂದೆ ಬಿದ್ದವರನ್ನು ಕೂಡಿಸಿಕೊಂಡು ಬರುತ್ತಿದ್ದೆ. ಈಗ ಮುಂದೂ ನಾನೇ, ಹಿಂದೂ ನಾನೇ. ನನಗೆ ಭಾಳ ಸಾಕಾಗಿದೆ.

"ಅದೇ ದಾರಿ, ಅದೇ ಕಥಿ, ಬ್ಯಾಸರ ಆಗ್ಯಾದ. ಎಂಟು ದಿನ ಇದ್ದು ಬರ್ತೀನಿ" ಎಂದು ದೀಪಾವಳಿಗೆ ಹೋದವರು ನೀವು. ಆ ಕಥೆ ಕಟ್ಟಿದ್ದು ಯಾರು? ಪ್ರವಾಸಿಗರು ಬಂಡೆಯ ಹೆಸರು ಕೇಳಿದರೆಂದು ನಿಂತಲ್ಲೇ ಹುಟ್ಟಿಸಿದಿರಿ: ದನ ಹುಡುಕಲು ಹೋದ ಗಂಡನ ದಾರಿ ಕಾಯುತ್ತಾ ಗಂಗವ್ವ ಕಲ್ಲಾದಳು. ಈಗ ಸುತ್ತಲಿನ ಊರ ಹೆಂಗಸರು ಅದಕ್ಕೆ ಅರಿಶಿನ ಹಚ್ಚಿ, ಹೋದ ಗಂಡ ಮನೆಗೆ ಬರಲೆಂದು ಪಕ್ಕದ ಬಾರಿಗಿಡಕ್ಕೆ ಹಸಿರು ಬಳೆ ಕಟ್ಟುತ್ತಾರೆ. ಶುದ್ಧ ಸುಳ್ಳೆಂದು ಗೊತ್ತಿದ್ದ ನಾನೂ ಹೋದ ತಿಂಗಳು ಒಂದು ಕಟ್ಟಿದೆ. ನಗಬೇಡಿ.

ನಿನ್ನೆ ಬಂಡೆಯ ಮುಂದೆ ನಿಂತು "ಕಾಯುತ್ತಾ ಕಾಯುತ್ತಾ" ಎಂದೆ; ಮುಂದೆ ಕಲ್ಲಾದಳು ಎನ್ನಲು ಮನಸ್ಸಾಗಲಿಲ್ಲ. ಮಾಸ್ತರರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. "ಗಂಗವ್ವ ಕಾದಳು, ಸಾಕಾಯಿತು, ಎದ್ದು ಮನೆಗೆ ಹೋದಳು. ಇದು ಆಕೆ ಕೂತಿದ್ದ ಕಲ್ಲು ಅಷ್ಟೇ" ಎಂದುಬಿಟ್ಟೆ.

ಅರಿಶಿನ ಹಚ್ಚಲು ಬಂದಿದ್ದ ಭೀಮಮ್ಮ ಸಿಟ್ಟಾದಳು. ಗಂಡ ಬಿಟ್ಟುಹೋಗಿ ಎಷ್ಟೋ ವರ್ಷವಾದ ಮುದುಕಿ, ನಿಮಗೂ ಗೊತ್ತು. "ದೇವಿ ಎದ್ದು ಹೋಗ್ಯಾಳಂದ್ರ ನಾವು ಯಾರಿಗಿ ಕೈ ಮುಗೀಬೇಕವ್ವಾ?" ಎಂದಳು. "ಆಕಿ ಹ್ವಾದ ದಾರಿಗಿ ಮುಗೀರಿ" ಎಂದೆ. ಬಾಯಿಗೆ ಬಂದದ್ದು ಅದು. ಭೀಮಮ್ಮ ಬಾರಿಗಿಡದ ಹತ್ತಿರ ಹೋದಳು. ಆಮೇಲೆ ಗಿಡದಿಂದ ತನ್ನ ಬಳೆ ಬಿಚ್ಚಿ ಕೈಗೆ ಏರಿಸಿಕೊಂಡು, ನನ್ನ ಕಡೆ ನೋಡದೆ ಊರ ಹಾದಿ ಹಿಡಿದಳು. ನನಗೆ ಅಳು ಬಂತು. ಮಾಸ್ತರರು ನೀರು ಕೊಟ್ಟರು.

ಬರುವ ಭಾನುವಾರದಿಂದ ಕಥೆಯನ್ನು ಹೀಗೇ ಹೇಳುತ್ತೇನೆ. ಹಳೆಯದೇ ಇರಲಿ ಎಂದರೆ ಶನಿವಾರದ ಬಸ್ಸಿಗೆ ಬಂದು ನೀವೇ ಹೇಳಿ. ಬರದಿದ್ದರೆ ಏಕೆಂದು ಇನ್ನು ಕೇಳುವುದಿಲ್ಲ. ಕೇಳುವಷ್ಟು ಶಕ್ತಿ ಉಳಿದಿಲ್ಲ.

ಕಾಲು ನೀವಿಕೊಳ್ಳುತ್ತಾ ಬರೆದ,
ಜಯಮಾಲಾ

ತಾ.ಕ.: ನೀವು ಹೋದಾಗಿನಿಂದ ಪ್ರತಿ ಭಾನುವಾರ ಇಬ್ಬರಿಗೆಂದೇ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದೆ. ನಿಮ್ಮ ಪಾಲು ಬಿಚ್ಚದೆ ಹಾಗೇ ಮನೆಗೆ ಬರುತ್ತಿತ್ತು. ನಿನ್ನೆ ಹಳ್ಳದ ದಂಡೆಯಲ್ಲಿ ಕೂತು ಎರಡೂ ಪಾಲು ನಾನೇ ತಿಂದೆ.